ಎದುರು ಕೋಣೆಯ ಬಾಗಿಲ ಕಾಗದ

ಬಾಮ್‌ಗೊಲ್
ಅಕ್ಟೋಬರ್ ೮, ೧೯೬೯

ತಂಗಿ ಸಮ್ವೊಲ್,

ನಿಂತುಕೊಂಡು ಓದುತ್ತಿದ್ದರೆ ಮೊದಲು ಕುಳಿತುಕೋ. ನಮ್ಮ ಇನ್ಸುಕ್‌ಗೆ ಗಂಡು ಗೊತ್ತಾಯಿತು! ಹೊಳೆಯಾಚೆ ಹಳ್ಳಿಯ ಹುಡುಗ, ಕಲ್ಲಿದ್ದಲ ಗಣಿಯಲ್ಲಿ ಕೆಲಸ. ಮಾತು ಕಡಿಮೆ, ಊಟ ಜಾಸ್ತಿ. ನಿನ್ನ ಭಾವನವರಿಗೆ ಅವನ ಭುಜ ಹಿಡಿಸಿತು. ನನಗೆ ಅವನು ಬಟ್ಟಲಲ್ಲಿ ಒಂದು ಅಗುಳೂ ಬಿಡದೆ ಉಂಡದ್ದು ಹಿಡಿಸಿತು. ನವೆಂಬರ್ ಒಂಬತ್ತಕ್ಕೆ ದಿನ ಇಟ್ಟಿದ್ದೇವೆ. ಮದುವೆ ನಮ್ಮ ಅಂಗಳದಲ್ಲಿ, ಮೊದಲ ರಾತ್ರಿ ನಮ್ಮ ಎದುರು ಕೋಣೆಯಲ್ಲಿ. ಅಮ್ಮ ಇದ್ದಿದ್ದರೆ ಎಷ್ಟು ಕುಣಿಯುತ್ತಿದ್ದಳೋ.

ಖರ್ಚು ನೆನೆಸಿಕೊಂಡರೆ ಮಾತ್ರ ಎದೆ ಢವಢವ ಅನ್ನುತ್ತದೆ. ಅದಕ್ಕೇ ಈ ಸಲ ಎಲೆ ಉದುರುವ ಕಾಲದಲ್ಲಿ ನನ್ನ ಕೈಯಿಂದ ಏನೂ ತಪ್ಪಿಸಿಕೊಂಡು ಹೋಗಿಲ್ಲ. ಮೂಲಂಗಿ ಸೊಪ್ಪು ಹೆಣೆದು ಸೂರಿನಡಿ ನೇತು ಹಾಕಿದ್ದೇನೆ. ಕುಂಬಳದ ಹೋಳು ದಾರಕ್ಕೆ ಪೋಣಿಸಿದ್ದೇನೆ. ಇನ್ಸುಕ್‌ಳ ಹಳೆಯ ಸ್ವೆಟರ್ ಬಿಚ್ಚಿ ಆ ನೂಲಿನಲ್ಲೇ ಅಳಿಯನಿಗೆ ಕಾಲುಚೀಲ ಹೆಣೆಯುತ್ತಿದ್ದೇನೆ. ಅವನಿಗೆ ಹೇಳಬೇಡ.

ಸೌದೆಯದೊಂದೇ ತಾಪತ್ರಯ. ಗುಡ್ಡದಲ್ಲಿ ಪೈನ್ ಮರದ ಒಣ ಸೂಜಿ ಎಲೆ ಗುಡಿಸುತ್ತಿದ್ದಾಗ ಅರಣ್ಯದ ಕಾವಲುಗಾರ ಬಂದ. "ಅಜ್ಜೀ, ಆ ಬುಟ್ಟೀಲೇನು?" ಎಂದ.

"ಯಾರಿಗೋ ಅಜ್ಜಿ ಅಂತೀಯ? ಕಣ್ಣು ಸರಿಯಾಗಿ ತೊಳ್ಕೊಂಡು ಬಾ" ಎಂದೆ. ಹಾಗೆ ಅಂದದ್ದೇ ತಪ್ಪಾಯಿತು. ಬುಟ್ಟಿಯನ್ನೂ ಕಿತ್ತುಕೊಂಡ, ಕುಂಟೆಯನ್ನೂ ಕಿತ್ತುಕೊಂಡ. ಇನ್ನೊಂದು ಸಲ ಸಿಕ್ಕಿಬಿದ್ದರೆ ಠಾಣೆಗೆ ಅಂತೆ. ಕಾಡು ಬೆಳೆಸಬೇಕಂತೆ ಸರ್ಕಾರಕ್ಕೆ. ನಾವು ಚಳಿಗೆ ಸಾಯಬೇಕಂತೆ.

ಹಾಗಾಗಿ ಎದುರು ಕೋಣೆಯ ಸೌದೆ ಒಲೆ ಕಿತ್ತು, ಪೇಟೆಯವರ ಹಾಗೆ ತೂತಿನ ಇದ್ದಲ ಬಿಲ್ಲೆ ಸುಡುವ ಒಲೆ ಹಾಕಿಸಿದ್ದೇವೆ. ಹೊಗೆ ಇಲ್ಲ, ಊದುವ ಕೆಲಸ ಇಲ್ಲ. ಎಲ್ಲರೂ ದಿನಕ್ಕೆ ಎರಡು ಬಿಲ್ಲೆ ಸುಡುತ್ತಾರೆ. ನಾನು ಕೆಳಗಿನ ಗಾಳಿಕಿಂಡಿಗೆ ಹಳೇ ಬಟ್ಟೆ ತುರುಕಿ ಒಂದರಲ್ಲೇ ದಿನ ದೂಡುತ್ತೇನೆ. ಮಳೆ ಹಿಡಿದುಕೊಂಡಿದ್ದರಿಂದ ಕೆಂಪು ಮೆಣಸಿನಕಾಯಿಯನ್ನು, ಒಲೆಯ ಕಾವು ಅಡಿಯಲ್ಲಿ ಹರಿಯುವ ಆ ಕೋಣೆಯ ಬಿಸಿ ನೆಲದ ಮೇಲೆಯೇ ಹರವಿ ಒಣಗಿಸಿದೆ. ಒಂದೇ ಬಿಲ್ಲೆಯಲ್ಲಿ ಕೋಣೆಯೂ ಬೆಚ್ಚಗೆ, ಮೆಣಸೂ ಗರಿಗರಿ! ಮೆಣಸು ತಿರುಗಿಸಲು ಒಳಗೆ ಕುಳಿತಾಗ ಮಾತ್ರ ಖಾರ ನೆತ್ತಿಗೇರಿ ತಲೆ ಗಿರ್ರೆಂದಿತು, ಮಂಡಿಯಲ್ಲಿ ಬಲವೇ ಇಲ್ಲ. ಮೂಲಂಗಿ ಕಿಮ್ಚಿಯ ತಣ್ಣನೆ ಉಪ್ಪುನೀರು ಕುಡಿದು ಜಗಲಿಯಲ್ಲಿ ಮಲಗಿದೆ, ಸರಿಹೋಯಿತು.

ನಿನ್ನಷ್ಟು ಉಳಿತಾಯ ನನಗೆ ಬರುವುದಿಲ್ಲ ಬಿಡು. ಹೋದ ಚಳಿಗಾಲವಿಡೀ ಒಂದು ಬಿಲ್ಲೆಯನ್ನೂ ಹೊತ್ತಿಸಲಿಲ್ಲ ಎಂದು ಬರೆದಿದ್ದೆಯಲ್ಲ, ಊರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಪೇಟೆಯಲ್ಲಿ ಬಾಗಿಲ ಮರದ ಜಾಲರಿಗೆ ಹಚ್ಚುವ ಒಳ್ಳೆಯ ಕಾಗದ ಅಗ್ಗವಾಗಿ ಸಿಕ್ಕರೆ ಕಳಿಸು.

ನಿನ್ನ ಅಕ್ಕ
ಗಾಪ್ಸುನ್

*

ಬುಸಾನ್
ಅಕ್ಟೋಬರ್ ೧೬

ಅಕ್ಕ,

ನಿಂತೇ ಓದಿದೆ, ಆಮೇಲೆ ಕುಳಿತು ಅತ್ತೆ. ನನ್ನ ಬೆನ್ನ ಮೇಲೆ ಉಚ್ಚೆ ಹೊಯ್ಯುತ್ತಿದ್ದ ಇನ್ಸುಕ್‌ಗೆ ಮದುವೆಯೇ! ನಮ್ಮ ರಬ್ಬರ್ ಶೂ ಕಾರ್ಖಾನೆಯಲ್ಲಿ ಈ ವಾರ ಬಿಳಿ ಜೋಡು ಬರುತ್ತಿವೆ. ಅವಳ ಕಾಲಿನ ಅಳತೆಗೆ ಒಂದು ನಾನೇ ಆರಿಸಿ ತೆಗೆದಿಟ್ಟಿದ್ದೇನೆ. ಬಾಗಿಲ ಕಾಗದದ ಜೊತೆ ಕಟ್ಟಿ ಕಳಿಸುತ್ತಿದ್ದೇನೆ. ಕಾಗದ ಗಟ್ಟಿಯಾಗಿದೆ, ಒಂದೇ ಪದರ ಸಾಕು.

ನನ್ನ ಉಳಿತಾಯದ ಮಾತು ಊರಿಗೆಲ್ಲ ಯಾಕೆ ಹೇಳುತ್ತೀಯ? ಬಿಸಿನೀರಿನ ಸೀಸೆ ಕಾಲ ಬಳಿ ಇಟ್ಟುಕೊಂಡರೆ ನಿದ್ದೆ ಬರುತ್ತದೆ. ಒಬ್ಬಳಿಗೆ ಎಷ್ಟು ಬೇಕು.

ಒಂದು ಮಾತು. ಮೆಣಸಿನ ಖಾರಕ್ಕೆ ತಲೆ ಸುತ್ತಿತು ಎಂದೆಯಲ್ಲ, ಕೆಮ್ಮು ಸೀನು ಬಂತೇ? ಕಣ್ಣು ಉರಿಯಿತೇ? ಬಂದಿರಲಿಕ್ಕಿಲ್ಲ ಅನಿಸುತ್ತದೆ. ಬರೆಯುವಾಗ ಮರೆಯದೆ ತಿಳಿಸು.

ಇನ್ನೊಂದು, ನಿನಗೆ ಇಷ್ಟವಾಗುವ ಮಾತು. ಆ ಕೋಣೆಯ ನೆಲ ನಿನ್ನ ಮಾವನವರ ಕಾಲದ್ದು ಎಂದು ನೀನೇ ಹೇಳುತ್ತಿದ್ದೆ. ನೆಲದಡಿಯ ಹೊಗೆಯೋಣಿಗಳು ಹಳತಾದರೆ ಬಿರುಕಿನಲ್ಲಿ ಕಾವು ಸೋರುತ್ತದೆ, ಬಿಲ್ಲೆ ದಂಡವಾಗುತ್ತದೆ. ಬಿಲ್ಲೆ ಹಾಕದೆ ಒಂದು ದಿನ ಒದ್ದೆ ಹುಲ್ಲು ಹೊತ್ತಿಸಿ, ನೆಲದ ಕಾಗದ ಎತ್ತಿ ನೋಡು. ಎಲ್ಲಿ ಹೊಗೆ ಏಳುತ್ತದೋ ಅಲ್ಲಿ ಬಿರುಕು. ಮೂಲೆ ಮೂಲೆಯೂ ನೋಡು. ಜೇಡಿಮಣ್ಣು ಕಲಸಿ ತುಂಬಿಸಿಬಿಟ್ಟರೆ ಬೇಕಾದಷ್ಟು ಉಳಿಯುತ್ತದೆ. ಗಾಳಿಕಿಂಡಿಯ ಬಟ್ಟೆಯನ್ನೂ ತೆಗೆ, ಬಿಲ್ಲೆ ಅರ್ಧಂಬರ್ಧ ಬೆಂದು ಹಾಳಾಗುತ್ತದೆ.

ಅಥವಾ ಹೀಗೆ ಮಾಡಿದರೆ? ಮದುಮಕ್ಕಳಿಬ್ಬರನ್ನೂ ನಿಮ್ಮ ದೊಡ್ಡ ಕೋಣೆಯಲ್ಲಿ ಮಲಗಿಸಿ, ನೀವಿಬ್ಬರೂ ಬೇರೆಲ್ಲಾದರೂ ಮಲಗಿ. ಎದುರು ಕೋಣೆ ಸಣ್ಣದಲ್ಲವೇ, ಅಷ್ಟೆ. ಬೇರೆ ಏನಿಲ್ಲ.

ಸಮ್ವೊಲ್

*

ಬಾಮ್‌ಗೊಲ್
ಅಕ್ಟೋಬರ್ ೨೬

ತಂಗಿ,

ಕಾಗದ ಬಂತು, ಜೋಡೂ ಬಂತು. ಜೋಡನ್ನು ಇನ್ಸುಕ್ ದಿಂಬಿನ ಪಕ್ಕದಲ್ಲಿ ಇಟ್ಟುಕೊಂಡು ಮಲಗುತ್ತಾಳೆ.

ನಿನ್ನ ಹೊಗೆಯ ಉಪಾಯ ಬಹಳ ಚೆನ್ನಾಗಿತ್ತು ಕಣೇ! ಒದ್ದೆ ಹುಲ್ಲು, ಹುರುಳಿ ಹೊಟ್ಟು ಹಾಕಿ ಹೊತ್ತಿಸಿದೆ. ಹೊಸ್ತಿಲ ಪಕ್ಕದಲ್ಲಿ ಹಾವಿನ ಹಾಗೆ ಹೊಗೆ ಎದ್ದಿತು. ಜೇಡಿಮಣ್ಣು ಮೆತ್ತಿದೆ. ಆ ಕಡೆ ಮೂಲೆಯಲ್ಲಿ ಮದುಮಗಳ ಪೆಟ್ಟಿಗೆ ಇದೆ, ಹಾಸಿಗೆ ರಾಶಿ ಹಾಕಿದೆ, ಅದನ್ನೆಲ್ಲ ಯಾರು ಎತ್ತುತ್ತಾರೆ? ಅಲ್ಲಿ ನೋಡಲಿಲ್ಲ. ನೆಲಕ್ಕೆ ಹೊಸ ಕಾಗದ ಹಾಸಿ ಸೋಯಾ ಹಿಟ್ಟಿನ ಗಂಟಿನಿಂದ ಉಜ್ಜಿ ಉಜ್ಜಿ ಎಣ್ಣೆ ಕುಡಿಸಿದ್ದೇನೆ. ಮುಖ ಕಾಣುವಷ್ಟು ಹೊಳೆಯುತ್ತದೆ.

ಕಾವು ಸೋರುತ್ತದೆ ಎಂದು ನೀನು ಬರೆದ ಮೇಲೆ ನನಗೆ ನಿದ್ದೆಯೇ ಬರಲಿಲ್ಲ. ನೆಲದಲ್ಲಿ ಸೋರುವುದಾದರೆ ಬಾಗಿಲಲ್ಲಿ ಎಷ್ಟು ಸೋರಬೇಕು! ಬಾಗಿಲನ್ನೇ ಕಳಚಿ ಹಳ್ಳಕ್ಕೆ ಹೊತ್ತು, ಹಳೇ ಕಾಗದ ನೆನೆಸಿ ಕೆರೆದು, ನಿನ್ನ ಕಾಗದ ಒಂದಲ್ಲ, ಮೂರು ಪದರ ಹಚ್ಚಿದೆ. ಅಂಚಿಗೆಲ್ಲ ಪಟ್ಟಿ. ಹಿಡಿಕೆಯ ಹತ್ತಿರ ಇನ್ಸುಕ್ ಕೆಂಪು ಮೇಪಲ್ ಎಲೆಗಳನ್ನು ಪದರದೊಳಗಿಟ್ಟಳು. ಬಿಸಿಲಲ್ಲಿ ಒಣಗಿ ಡೋಲಿನ ಹಾಗೆ ಬಿಗಿದುಕೊಂಡಿದೆ, ಬೆರಳಲ್ಲಿ ತಟ್ಟಿದರೆ ಡಬ್ ಅನ್ನುತ್ತದೆ. ಕಿಟಕಿಯನ್ನಂತೂ ಕಾಗದದಿಂದ ಪೂರ್ತಿ ಮುಚ್ಚಿಬಿಟ್ಟೆ. ಒಂದು ಇರುವೆ ನುಸುಳಲಿ ನೋಡೋಣ.

ನಿನ್ನ ಭಾವನವರು ನೋಡಿ, "ಏನೇ, ಮಕ್ಳು ಉಸಿರಾಡೋಕಾದ್ರೂ ಒಂದು ತೂತು ಬಿಡ್ತೀಯೋ ಇಲ್ವೋ?" ಎಂದರು.

"ಉಸಿರು ಬಿಟ್ಟಿ ಬರುತ್ತೆ. ಬಿಲ್ಲೆ ಬಿಟ್ಟಿ ಬರುತ್ತಾ?" ಎಂದೆ. ನಕ್ಕುಬಿಟ್ಟರು.

ನನಗೆ ಹೆದರಿಕೆ ಇರುವುದು ಒಬ್ಬಳದೇ. ಪಕ್ಕದ ಮನೆಯ ಚಿಲ್ಬೊಕನ ತಾಯಿ. ಮೊದಲ ರಾತ್ರಿ ಬಾಗಿಲಿಗೆ ಬೆರಳು ತೂರಿಸಿ ಇಣುಕುವ ಹೆಂಗಸರ ಗುಂಪಿಗೆ ಅವಳೇ ನಾಯಕಿ. ನಿನ್ನೆ ಬಾಗಿಲು ನೋಡಿ, "ಆಹಾ ಗಾಪ್ಸುನ್, ಏನು ಕಾಗದ! ಬೆರಳಿಗೆ ಎಂಜಲು ಹಚ್ಕೊಂಡ್ರೆ ಬೆಣ್ಣೇಲಿ ಹೋದ ಹಾಗೆ ಹೋಗುತ್ತೆ" ಎಂದು ಹಲ್ಲು ಕಿರಿದಳು. "ಒಂದು ತೂತು ಬಿದ್ರೆ ನಿನ್ನ ಬೆರಳು ಮುರಿದು ಕೈಗೆ ಕೊಡ್ತೀನಿ" ಎಂದು ಹೇಳಿ ಕಳಿಸಿದ್ದೇನೆ.

ಅಂದಹಾಗೆ, ನಮ್ಮ ಬೂದು ಬೆಕ್ಕು ಸತ್ತುಹೋಯಿತು. ಬಾಗಿಲು ಹಾಕಿಸಿದ ರಾತ್ರಿ ಎದುರು ಕೋಣೆಯೊಳಗೆ ಉಳಿದುಕೊಂಡಿತ್ತು, ಬೆಳಗ್ಗೆ ಪೆಟ್ಟಿಗೆಯ ಪಕ್ಕ ಸುರುಳಿ ಸುತ್ತಿ ಬಿದ್ದಿತ್ತು. ಪಾಷಾಣ ತಿಂದ ಇಲಿಯನ್ನು ತಿಂದಿರಬೇಕು, ಪಾಪ. ಮದುವೆ ಮನೆಯಲ್ಲಿ ಇದನ್ನು ಯಾರಿಗೂ ಹೇಳದೆ ಹಿತ್ತಿಲಲ್ಲಿ ಹೂತೆ.

ಈಗ ಒಂದು ಕಷ್ಟದ ಮಾತು. ಮಕ್ಕಳನ್ನು ಆ ಕೋಣೆಯಲ್ಲಿ ಮಲಗಿಸಬೇಡ ಎಂದು ಬರೆದೆಯಲ್ಲ, ನನಗೆ ನೋವಾಯಿತು. ನಿನ್ನ ಗಂಡ ಹೋದ ಮೇಲೆ ಬೇರೆಯವರ ಹೊಸ ಹಾಸಿಗೆ ನೋಡಿದರೆ ನಿನಗೆ ಸಂಕಟವಾಗುತ್ತದೆ, ಅರ್ಥವಾಗುತ್ತದೆ. ಆದರೆ ಅದು ಇನ್ಸುಕ್‌ಳ ಕೋಣೆ. ನೀನು ಮದುವೆ ಮುಗಿದು ಒಂದು ವಾರ ಬಿಟ್ಟು ಬಾ. ಗಂಡ ಇಲ್ಲದವಳು ಮದುಮಗಳ ಹಾಸಿಗೆಯ ಹತ್ತಿರ ಬಂದಳು ಎಂದು ಜನ ಆಡಿಕೊಳ್ಳುತ್ತಾರೆ. ನನಗೇನಿಲ್ಲ, ಜನರ ಬಾಯಿ. ಸಿಟ್ಟಾಗಬೇಡ.

ಗಾಪ್ಸುನ್

*

ಬುಸಾನ್
ನವೆಂಬರ್ ೧
(ತುರ್ತು ಟಪಾಲು)

ಅಕ್ಕ,

ಸಿಟ್ಟಿಲ್ಲ. ಸಿಟ್ಟಾಗಲು ನನಗೆ ಈಗ ಪುರುಸೊತ್ತೂ ಇಲ್ಲ. ಈ ಪತ್ರವನ್ನು ಕೈಗೆ ಬಂದ ಕ್ಷಣವೇ ಓದು. ಒಲೆಯ ಮೇಲೆ ಏನಿದ್ದರೂ ಸೀದುಹೋಗಲಿ.

ಆ ಕೋಣೆಯಲ್ಲಿ ಯಾರನ್ನೂ ಮಲಗಿಸಬೇಡ. ನಿನಗೆ ತಲೆ ಸುತ್ತಿದ್ದು ಮೆಣಸಿಗಲ್ಲ. ಬೆಕ್ಕು ಸತ್ತದ್ದು ಪಾಷಾಣಕ್ಕಲ್ಲ. ಇದ್ದಲ ಬಿಲ್ಲೆಯಿಂದ ಒಂದು ವಿಷಗಾಳಿ ಬರುತ್ತದೆ. ಸೌದೆ ಹೊಗೆಯಾದರೆ ಕಣ್ಣಿಗೆ ಕಾಣುತ್ತದೆ, ಕೆಮ್ಮು ಬರಿಸಿ ಎಬ್ಬಿಸುತ್ತದೆ. ಇದು ಕಾಣುವುದಿಲ್ಲ, ಏನೂ ಮಾಡುವುದಿಲ್ಲ, ಸುಮ್ಮನೆ ನಿದ್ದೆ ತರುತ್ತದೆ. ಇಲ್ಲಿ ಪ್ರತಿ ಚಳಿಗಾಲ ನಮ್ಮ ಗುಡ್ಡದ ಬಾಡಿಗೆ ಕೋಣೆಗಳಿಂದ ಹೆಣ ಇಳಿಸುತ್ತಾರೆ.

ನಮ್ಮವರು ಎದೆ ನಿಂತು ಹೋದರು ಎಂದು ಹೇಳಿದ್ದೆನಲ್ಲ, ಅದು ಸುಳ್ಳು. ಆಗ ಅಮ್ಮ ಹಾಸಿಗೆ ಹಿಡಿದಿದ್ದಳು. ಮನೆಯೊಳಗೆ ಮಲಗಿದಲ್ಲೇ ಗಾಳಿ ಕುಡಿದು ಸತ್ತರು ಎಂದರೆ ನನ್ನನ್ನು ಇಲ್ಲಿರಲು ಬಿಡುತ್ತಿರಲಿಲ್ಲ. ಒಂದು ಸಲ ಹೇಳಿದ್ದು ಹಾಗೇ ಉಳಿದುಹೋಯಿತು. ಅವತ್ತು ನನಗೆ ರಾತ್ರಿ ಪಾಳಿ. ಬೆಳಗ್ಗೆ ಬಂದು ನೋಡಿದರೆ ಮುಖಕ್ಕೆ ರಂಗು ಬಂದ ಹಾಗೆ ಕೆಂಪು ಕೆಂಪಾಗಿ ಮಲಗಿದ್ದರು. ಎಷ್ಟು ಚೆನ್ನಾಗಿ ನಿದ್ದೆ ಮಾಡುತ್ತಿದ್ದಾರೆ ಎಂದು ಎಬ್ಬಿಸದೆ ಅಕ್ಕಿ ತೊಳೆಯಲು ಹೋದೆ. ಅನ್ನ ಬೇಯಿಸಿಯೂ ಆಯಿತು ಅಕ್ಕ. ಆಮೇಲೆ ಕರೆದೆ.

ಹೋದ ಪತ್ರದಲ್ಲೇ ಇದನ್ನು ಬರೆಯಬೇಕಿತ್ತು. ಮದುವೆ ಮನೆಗೆ ಸಾವಿನ ಮಾತು, ಅದೂ ನನ್ನಂಥವಳ ಕೈಯಿಂದ ಹೇಗೆ ಬರೆಯಲಿ ಎಂದು ಹೆದರಿದೆ. ಉಳಿತಾಯ ಎಂದರೆ ನೀನು ಕೇಳುತ್ತೀಯ ಎಂದು ಅದರಲ್ಲಿ ಸುತ್ತಿ ಹೇಳಿದೆ. ನೀನು ಹೋಗಿ ಇದ್ದಬದ್ದ ಕಿಂಡಿಯನ್ನೆಲ್ಲ ಮುಚ್ಚಿದೆ.

ಬಾಗಿಲ ಕಾಗದ ಹರಿದು ಹಾಕು. ಪೆಟ್ಟಿಗೆ ಎತ್ತಿಸಿ ಆ ಮೂಲೆ ನೋಡು. ಒಲೆ ಆರಿಸು. ಮಕ್ಕಳು ಚಳಿಯಲ್ಲಿ ನಡುಗಿದರೂ ಪರವಾಗಿಲ್ಲ. ಮಾಡಿದೆ ಎಂದು ಒಂದು ಸಾಲು ಬರೆ.

ಸಮ್ವೊಲ್

*

ಬುಸಾನ್
ನವೆಂಬರ್ ೮, ಸಂಜೆ

ಅಕ್ಕ,

ನಿನ್ನ ಉತ್ತರ ಬರಲಿಲ್ಲ. ದಿನಾ ಕಾರ್ಖಾನೆಯ ಗೇಟಿನಲ್ಲಿ ಅಂಚೆಯವನ ಚೀಲದ ಬಾಯಿ ನೋಡುತ್ತಾ ನಿಂತಿದ್ದೆ. "ನಿಮ್ಮ ಪ್ರೇಮಪತ್ರ ಇನ್ನೂ ಬಂದಿಲ್ಲ ಅಕ್ಕಾ" ಎಂದು ತಮಾಷೆ ಮಾಡುತ್ತಿದ್ದವನು ಇವತ್ತು ನನ್ನ ಮುಖ ನೋಡಿ ತಾನೇ ಚೀಲ ಅಗಲಿಸಿ ತೋರಿಸಿದ.

ಈ ಬೆಳಗ್ಗೆ ಸ್ಟೇಷನ್ನಿಗೆ ಹೋದೆ. ಬೆಟ್ಟದ ಕಡೆಯ ಇವತ್ತಿನ ರೈಲು ಹೋಗಿಬಿಟ್ಟಿತ್ತು; ನಾಳಿನದನ್ನು ಹಿಡಿದರೂ, ಆಮೇಲೆ ಬಸ್ಸು, ಆಮೇಲೆ ನಡಿಗೆ, ನಾನು ನಿಮ್ಮ ಬಾಗಿಲಿಗೆ ಬರುವಷ್ಟರಲ್ಲಿ ಆ ರಾತ್ರಿ ಕಳೆದುಹೋಗಿರುತ್ತದೆ. ಅಲ್ಲಿಂದ ಸೀದಾ ತಂತಿ ಕಚೇರಿಗೆ ಓಡಿದೆ.

ಕಿಟಕಿಯಲ್ಲಿ ಕುಳಿತವನು, "ಮದುವೆ ಶುಭಾಶಯಾನಾ? ಅದಕ್ಕೆ ಬೇರೆ ಹೂವಿನ ಹಾಳೆ ಇದೆ" ಎಂದ.

"ಅಲ್ಲ" ಎಂದೆ.

"ಸಾವಾ?"

"ಅದೂ ಅಲ್ಲ."

"ಮತ್ತೇನಮ್ಮಾ? ಜನ ತಂತಿ ಕೊಡೋದು ಇವೆರಡಕ್ಕೇ."

"ಒಂದು ಇನ್ನೊಂದು ಆಗಬಾರ್ದು ಅಂತ ಕೊಡ್ತಿದೀನಿ."

ಅವನು ನಾನು ಬರೆದುಕೊಟ್ಟದ್ದನ್ನು ಓದಿಕೊಂಡ. 'ಎದುರು ಕೋಣೆಯಲ್ಲಿ ಮಲಗಿಸಬೇಡಿ. ಇದ್ದಲ ವಿಷಗಾಳಿ. ನನ್ನ ಪತ್ರ ಓದಿ.' ಒಳ್ಳೆಯವನು, "ಕೊನೇ ಮಾತು ತೆಗೆದ್ರೆ ಕಡಿಮೆ ಬೀಳುತ್ತೆ" ಎಂದ. ಜೀವಮಾನದಲ್ಲಿ ಮೊದಲ ಸಲ ನಾನು, "ಒಂದಕ್ಷರಾನೂ ತೆಗೀಬೇಡಿ" ಎಂದೆ. ಪೇಟೆಯಿಂದ ನಿಮ್ಮೂರಿಗೆ ಯಾರು ತರುತ್ತಾರೆ, ಯಾವಾಗ ತರುತ್ತಾರೆ ಎಂದು ಕೇಳಿದರೆ, "ಬೆಟ್ಟದ ಊರು, ನಾಳೆ ತಲುಪಬಹುದು" ಎಂದ. ತಲುಪುತ್ತದೆ ಎನ್ನಲಿಲ್ಲ.

ಈ ಪತ್ರ ನಿನ್ನ ಕೈಗೆ ಬರುವಾಗ ಎಲ್ಲ ಮುಗಿದಿರುತ್ತದೆ, ಗೊತ್ತಿದೆ. ಆದರೂ ಬರೆಯುತ್ತಿದ್ದೇನೆ. ಸುಮ್ಮನೆ ಕುಳಿತರೆ ಆ ಹೊಳೆಯುವ ನೆಲ ಕಣ್ಣ ಮುಂದೆ ಬರುತ್ತದೆ.

ಸಮ್ವೊಲ್

*

ಬುಸಾನ್
ನವೆಂಬರ್ ೧೧

ಅಕ್ಕ,

ಇನ್ನೂ ಏನೂ ಇಲ್ಲ. ತಂತಿಯೂ ಇಲ್ಲ, ಪತ್ರವೂ ಇಲ್ಲ. ಇವತ್ತು ಅಂಟಿನ ಬಾಣಲೆಯ ಮುಂದೆ ನಿಂತವಳು ಬಿಳಿ ಜೋಡು ನೋಡಿ ಅಳಲು ಶುರುಮಾಡಿದೆ. ಮೇಸ್ತ್ರಿ ಬೈದು ಹೊರಗೆ ಕಳಿಸಿದ.

ನೀನು ನನ್ನನ್ನು ಬೈದು ಬರೆ. ಹೊಟ್ಟೆಕಿಚ್ಚಿನವಳು ಎನ್ನು, ಅಪಶಕುನದವಳು ಎನ್ನು. ಇನ್ನೆಂದೂ ಹೊಸ್ತಿಲು ತುಳಿಯಬೇಡ ಎನ್ನು, ತುಳಿಯುವುದಿಲ್ಲ. ಬರೆ ಅಕ್ಕ. ನೀನು ಬೈಯುವಷ್ಟು ನೆಮ್ಮದಿಯಾಗಿದ್ದೀಯ ಎಂದು ಗೊತ್ತಾದರೆ ಸಾಕು.

ಸಮ್ವೊಲ್

*

ಬಾಮ್‌ಗೊಲ್
ನವೆಂಬರ್ ೧೩

ತಂಗಿ,

ಇನ್ಸುಕ್ ಬದುಕಿದ್ದಾಳೆ. ಅಳಿಯ ಬದುಕಿದ್ದಾನೆ. ಈಗ ಕುಳಿತುಕೊಂಡು ಓದು.

ತಂತಿ ಕೊಡೋಣ ಎಂದು ನಿನ್ನ ಭಾವನವರು ಹೊರಟಿದ್ದರು. ನಾನೇ ತಡೆದೆ. ನಮ್ಮಿಂದ ತಂತಿ ಎಂದರೆ ಬಿಚ್ಚುವ ಮೊದಲೇ ನಿನ್ನ ಜೀವ ಹೋಗುತ್ತಿತ್ತು. ಇನ್ಸುಕ್ ಒಂದು ಬಟ್ಟಲು ಗಂಜಿ ಕುಡಿದು ಹೊಟ್ಟೆಯಲ್ಲಿ ಉಳಿಸಿಕೊಳ್ಳುವ ತನಕ ಪತ್ರ ಬರೆಯಲು ನನಗೂ ಧೈರ್ಯ ಬರಲಿಲ್ಲ. ಇವತ್ತು ಕುಡಿದಳು.

ನಿನ್ನ ತುರ್ತು ಪತ್ರ ಮದುವೆಗೆ ಮುಂಚೆಯೇ ಬಂದಿತ್ತು. ನಾನು ಬಿಚ್ಚಲಿಲ್ಲ. ಮದುವೆಗೆ ಬರಬೇಡ ಎಂದು ಬರೆದವಳು ನಾನು. ನೀನು ಅತ್ತು ಬೈದು ಬರೆದಿರುತ್ತೀಯ, ಓದಿದರೆ ನಾನೂ ಅಳುತ್ತೇನೆ, ಮದುವೆ ಮನೆಯಲ್ಲಿ ಕಣ್ಣೀರು ಬೇಡ ಎಂದು ಅಕ್ಕಿ ಮಡಕೆಯ ಕೆಳಗೆ ಇಟ್ಟುಬಿಟ್ಟೆ. ತಂತಿ ಬಂದದ್ದು ಮದುಮಕ್ಕಳು ಎದುರುಬದುರು ನಿಂತು ನಮಸ್ಕಾರ ಮಾಡುತ್ತಿದ್ದಾಗ. ತಂತಿ ಎಂದರೆ ಯಾರೋ ಸತ್ತಿದ್ದಾರೆ ಎಂದೇ ನಿನ್ನ ಭಾವನವರು ತಿಳಿದರು. ಈಗ ಓದಿದರೆ ಮದುವೆ ನಿಲ್ಲಿಸಬೇಕು, ನಾಳೆ ಓದಿದರೆ ಸತ್ತವರು ನಾಳೆ ಸತ್ತ ಹಾಗೆ ಎಂದು ಅಂಗಿಯ ತೋಳಿನೊಳಗೆ ಸೇರಿಸಿಕೊಂಡರು. ಅದನ್ನು ಇಟ್ಟುಕೊಂಡೇ ಎಲ್ಲರಿಗೂ ಹೆಂಡ ಬಗ್ಗಿಸಿದರು. ಇಬ್ಬರ ಹತ್ತಿರವೂ ನಿನ್ನ ಮಾತಿತ್ತು. ಇಬ್ಬರೂ ಬಾಯಿ ಕಟ್ಟಿ ಇಟ್ಟಿದ್ದೆವು.

ನಾನು ಅವತ್ತು ಸಂಜೆ ನನ್ನ ಕೈಯಾರೆ ಒಲೆಗೆ ಹೊಸ ಬಿಲ್ಲೆ ಇಟ್ಟೆ. ಗಾಳಿಕಿಂಡಿಯ ಬಟ್ಟೆಯನ್ನು ಇನ್ನಷ್ಟು ಒಳಗೆ ತುರುಕಿದೆ.

ದೀಪ ಆರುವ ಮೊದಲೇ ಚಿಲ್ಬೊಕನ ತಾಯಿಯ ದಂಡು ಬಂತು. ನಾನು ಪೊರಕೆ ಹಿಡಿದುಕೊಂಡೇ ನಿಂತಿದ್ದೆ. ಒಬ್ಬಳನ್ನು ಅಟ್ಟಿಸಿಕೊಂಡು ಹೋದರೆ ಇನ್ನೊಬ್ಬಳು ಹಿಂದಿನಿಂದ ಬಂದು ಬೆರಳು ತೂರಿಸಿದಳು. "ಅಯ್ಯೋ, ಮೂರು ಪದರ ಕಣ್ರೇ! ಜಿಪುಣಿ ಇವಳಿಗೆ ಇದೆಲ್ಲಿಂದ ಬಂತೋ!" ಎಂದು ಕಿರುಚಿದಳು ಚಿಲ್ಬೊಕನ ತಾಯಿ. ಅವಳ ಬೆರಳು ಸಲೀಸಾಗಿ ಹೋಗಲಿಲ್ಲ ಎಂದು ತಲೆಯ ಬೆಳ್ಳಿಕಡ್ಡಿ ಕಿತ್ತು ಅದರಲ್ಲೇ ಚುಚ್ಚಿದಳು. ಕಿಟಕಿಯ ಕಡೆ ಹೋದವರು ಅಲ್ಲೂ ಬಿಡಲಿಲ್ಲ. ಒಳಗೆ ಇನ್ಸುಕ್ ತಲೆ ಬಗ್ಗಿಸಿ ಕುಳಿತಿದ್ದಳಂತೆ, ಅಳಿಯ ಅವಳ ಕಿರೀಟದ ಗಂಟು ಬಿಚ್ಚಲು ಬಾರದೆ ಒದ್ದಾಡುತ್ತಿದ್ದನಂತೆ. ಇವರಿಗೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಗು. ಎಲ್ಲರೂ ಹೋದ ಮೇಲೆ ನೋಡಿದರೆ ನನ್ನ ಬಾಗಿಲು ಜರಡಿಯಾಗಿತ್ತು. ಅಲ್ಲೇ ಕುಳಿತು ಅತ್ತುಬಿಟ್ಟೆ. ಮಗಳಿಗಾಗಿ ಅಲ್ಲ, ಕಾಗದಕ್ಕಾಗಿ.

ಇನ್ನು ಇದನ್ನು ಕೇಳು. ನಾನು ಎದ್ದು ಹೋಗಿ ಹಿಟ್ಟಿನ ಅಂಟು ಕಾಯಿಸಿದೆ. ಉಳಿದ ಕಾಗದದ ಚೂರುಗಳನ್ನು ಲಂಗದ ಮಡಿಲಲ್ಲಿ ಹಾಕಿಕೊಂಡು ಬಾಗಿಲ ಹತ್ತಿರ ಬಂದೆ. ಎಲ್ಲ ತೂತಿಗೂ ತೇಪೆ ಹಾಕಿಯೇ ಮಲಗುವುದು ಎಂದು. ಇನ್ನೇನು ಬೆರಳು ಅಂಟಿಗೆ ಅದ್ದಬೇಕು, ಮರೆತ ಬೆಳ್ಳಿಕಡ್ಡಿ ಹುಡುಕಲು ವಾಪಸು ಬಂದ ಚಿಲ್ಬೊಕನ ತಾಯಿ ನನ್ನ ಲಂಗ ಹಿಡಿದು ಎಳೆದಳು. "ಏ ಗಾಪ್ಸುನ್! ಒಳಗೆ ಹೊಸ ಜೋಡಿ ಮಲಗಿದೆ, ಹೊರಗೆ ಅತ್ತೆ ನಿಂತ್ಕೊಂಡು ಬಾಗಿಲಿಗೆ ಅಂಟು ಬಳೀತಾಳಂತೆ! ನಾಚಿಕೆ ಆಗಲ್ವೇನೇ? ನಡಿ ಆಚೆ!" ಎಂದಳು. ಬಾಯಿಗೆ ಬಂದಂತೆ ಬೈದೆ, ಕಾಗದದ ದುಡ್ಡು ಕೊಡು ಎಂದೆ. ನಗುತ್ತಾ ನನ್ನನ್ನು ದೊಡ್ಡ ಕೋಣೆಗೆ ನೂಕಿ ಹೋದಳು. ಅಂಟಿನ ಬಟ್ಟಲು ಜಗಲಿಯಲ್ಲೇ ಉಳಿಯಿತು.

ಬೆಳಗ್ಗೆ ಅಳಿಯ ಮಗುವಿನ ಹಾಗೆ ತೆವಳಿಕೊಂಡು ಜಗಲಿಗೆ ಬಂದು ಬಿದ್ದ. ಬಾಗಿಲು ನೂಕಿದವನೂ ಅವನೇ. ನಮ್ಮವರು ರಾತ್ರಿಯ ಹೆಂಡ ಎಂದು ನಕ್ಕರು. ಒಳಗೆ ಇನ್ಸುಕ್ ವಾಂತಿಯ ಮಧ್ಯೆ ಮಲಗಿದ್ದಳು. "ಅಮ್ಮಾ, ಕಾಲು ಎಲ್ಲಿದೆ?" ಎಂದು ಕೇಳಿದಳು. ನನ್ನ ಮಗಳು ತನ್ನ ಕಾಲು ಎಲ್ಲಿದೆ ಎಂದು ನನ್ನನ್ನು ಕೇಳಿದಳು ಸಮ್ವೊಲ್. ಕೆನ್ನೆ ಕೆಂಪಗೆ ಎಷ್ಟು ಚೆನ್ನಾಗಿ ಕಾಣುತ್ತಿತ್ತು! ನಾನು ಕಿಮ್ಚಿ ನೀರು ತರಲು ಅಡುಗೆಮನೆಗೆ ಓಡಿದೆ. ಆಗ ನಿನ್ನ ಭಾವನವರು ಸತ್ತವರು ಯಾರೆಂದು ನೋಡಲು ತಂತಿ ಬಿಚ್ಚಿದರು. ಅವರು ಕೂಗಿದ ಕೂಗು ಹಳ್ಳದಾಚೆಗೂ ಕೇಳಿಸಿತಂತೆ.

ಇಬ್ಬರನ್ನೂ ಅಡುಗೆಮನೆಯ ಬಾಗಿಲ ಹಲಗೆಗಳ ಮೇಲೆ ಹೊತ್ತು ಗಣಿಯ ದವಾಖಾನೆಗೆ ಒಯ್ದರು. ಅಲ್ಲಿಯ ಡಾಕ್ಟರು, "ಕೋಣೇಲಿ ಗಾಳಿ ಆಡ್ತಿತ್ತಾ?" ಎಂದು ಕೇಳಿದರು. ಇಲ್ಲ ಎನ್ನಲು ಬಾಯಿ ತೆರೆದವಳು ಅಲ್ಲೇ ನಿಂತೆ. "ಆಡ್ತಿತ್ತು, ಬಾಗಿಲ ತುಂಬಾ ತೂತಿತ್ತು" ಎಂದೆ. "ಹಾಗಾದ್ರೆ ನೀವು ಪುಣ್ಯವಂತರು" ಎಂದರು.

ಮನೆಗೆ ಬಂದು ಪೆಟ್ಟಿಗೆ ಎತ್ತಿಸಿದೆ. ನಾನು ನೋಡದೆ ಬಿಟ್ಟ ಮೂಲೆಯಲ್ಲಿ, ಅಲ್ಲಿ ಉಳಿದಿದ್ದ ಹಳೇ ಕಾಗದದ ಕೆಳಗೆ, ಅಂಗೈ ತೂರಿಸುವಂಥ ಬಿರುಕು. ಅಂಚೆಲ್ಲ ಕಪ್ಪಗಾಗಿತ್ತು. ಅದರ ಪಕ್ಕದಲ್ಲೇ ಅವಳ ದಿಂಬು ಇತ್ತು. ಆಮೇಲೆ ಅಕ್ಕಿ ಮಡಕೆ ಸರಿಸಿ ನಿನ್ನ ಪತ್ರ ತೆಗೆದು ಓದಿದೆ. ನೀನು ಅನ್ನ ಬೇಯಿಸಿದ ಜಾಗಕ್ಕೆ ಬಂದು ಮುಂದೆ ಓದಲಾಗಲಿಲ್ಲ.

ನಿನ್ನೆ ಅಕ್ಕಿಕಡುಬು ತೆಗೆದುಕೊಂಡು ಚಿಲ್ಬೊಕನ ತಾಯಿಯ ಮನೆಗೆ ಹೋದೆ. ಕಾಗದದ ದುಡ್ಡಿಗೆ ಬಂದಳು ಎಂದು ಅವಳು ಬೆನ್ನ ಹಿಂದೆ ಕೈ ಮುಚ್ಚಿಟ್ಟುಕೊಂಡಳು. ನಾನು ಆ ಕೈ ಎಳೆದು, ಆ ಬೆರಳನ್ನು ಎದೆಗೊತ್ತಿಕೊಂಡು ಹೋ ಎಂದು ಅತ್ತೆ. "ಅಯ್ಯೋ ಇವಳಿಗೇನೋ ಆಗಿದೆ, ಯಾರಾದ್ರೂ ಬನ್ರೇ!" ಎಂದು ಅವಳು ಕೂಗಿಕೊಂಡಳು.

ತಂಗಿ, ನನ್ನ ಪತ್ರಗಳಲ್ಲಿ ನಾನು ಹೊಗಳಿದ್ದು ನಿನ್ನ ಉಳಿತಾಯವನ್ನಲ್ಲ ಎಂದು ಈಗ ಗೊತ್ತಾಯಿತು. ಅವರು ಹೋದ ಮೇಲೆ ನೀನು ಬೆಂಕಿಗೇ ಹೆದರಿ, ಅಷ್ಟು ಚಳಿಗಾಲ ಆ ಕೋಣೆಯಲ್ಲಿ ಒಂದು ಸೀಸೆ ಬಿಸಿನೀರು ಕಟ್ಟಿಕೊಂಡು ನಡುಗುತ್ತಾ ಮಲಗಿದ್ದೀಯ. ನಾನು ಅದನ್ನು ಊರಿಗೆಲ್ಲ ಹೇಳಿಕೊಂಡು ಹೆಮ್ಮೆಪಟ್ಟಿದ್ದೇನೆ.

ನೆಲ ಪೂರ್ತಿ ಅಗೆಸಿ ಹೊಸದಾಗಿ ಹಾಕಿಸುತ್ತಿದ್ದೇವೆ. ಇದ್ದಲ ಒಲೆ ಕಿತ್ತು ಬಿಸಾಡಿದೆ. ಸೌದೆಗೆ ಏನು ಮಾಡುತ್ತೇನೋ, ಆ ಕಾವಲುಗಾರನ ಕೈಲಿ ಅಜ್ಜಿ ಎನ್ನಿಸಿಕೊಂಡೇ ಕಾಲು ಹಿಡಿಯುತ್ತೇನೆ. ಇನ್ಸುಕ್ ನಿನ್ನ ಬಿಳಿ ಜೋಡು ಹಾಕಿಕೊಂಡು ಇವತ್ತು ಅಂಗಳದಲ್ಲಿ ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕಿದಳು. ಚಿಕ್ಕಮ್ಮ ಬರುವವರೆಗೂ ಗಂಡನ ಮನೆಗೆ ಹೊರಡುವುದಿಲ್ಲ ಎಂದು ಹಟ ಹಿಡಿದಿದ್ದಾಳೆ. ಜನರ ಬಾಯಿ ನಾನು ನೋಡಿಕೊಳ್ಳುತ್ತೇನೆ.

ಬಾಗಿಲಿಗೆ ತೇಪೆ ಹಾಕಿಲ್ಲ. ತೂತೆಲ್ಲ ಹಾಗೇ ಇವೆ, ಗಾಳಿ ಬರುತ್ತದೆ. ಬಾ, ಇಲ್ಲಿ ಬೆಚ್ಚಗೆ ಮಲಗು. ನಾನು ಪಕ್ಕದಲ್ಲಿ ಎಚ್ಚರವಿರುತ್ತೇನೆ.

ನಿನ್ನ ಅಕ್ಕ
ಗಾಪ್ಸುನ್